ಕಟ್ಟಿದವರಿಗೆ, ಬಿಚ್ಚಿದವರಿಂದ

ಹುಬ್ಬಳ್ಳಿ
ಇಸವಿ ೨೧೯೩, ಮಿರಗದ ಮಳೆ ಹಿಡಿದ ವಾರ

ನಾಲ್ಕು ಮಹಡಿಯ ಮನೆ ಕಟ್ಟಿದವರಿಗೆ ನಮಸ್ಕಾರ.

ಮೇಲಿನ ಇಸವಿ ನೋಡಿ ನಗಬೇಡಿ, ಕೈ ತಪ್ಪಿ ಬರೆದದ್ದಲ್ಲ. ನೀವು ಇರುವ ಕಾಲಕ್ಕೆ ನಾನು ಹುಟ್ಟಿಲ್ಲ, ನನ್ನ ಮುತ್ತಜ್ಜಿಯೂ ಹುಟ್ಟಿಲ್ಲ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರ ಅನಿಸಬಹುದು. ನಾನು ಓದಿದ್ದು ಹತ್ತನೇ ಇಯತ್ತೆಯ ತನಕ. ತಿಳಿದಷ್ಟು ಬಿಡಿಸಿ ಹೇಳುತ್ತೇನೆ, ತಿಳಿಯದಿದ್ದರೆ ಕ್ಷಮಿಸಿ ಮುಂದೆ ಓದಿ.

ನಾವು ಬಿಚ್ಚಾಳುಗಳು. ಮನೆ ಕಟ್ಟುವವರನ್ನು ನೀವು ಗೌಂಡಿ ಎನ್ನುತ್ತಿದ್ದಿರಿ. ನಮ್ಮ ಕೆಲಸ ಅದರ ಉಲ್ಟಾ. ಕಟ್ಟಿದ್ದನ್ನು ಒಡೆಯದೆ ಬಿಚ್ಚಿ, ಕಲ್ಲನ್ನು ಕಲ್ಲಾಗಿ, ಇಟ್ಟಿಗೆಯನ್ನು ಇಟ್ಟಿಗೆಯಾಗಿ ತೆಗೆದು ಕೊಡುವುದು. ಒಂದು ಕಟ್ಟಡ ಬಿಚ್ಚಿ ಮುಗಿದಾಗ ನಮ್ಮಲ್ಲಿ ಒಬ್ಬರು ಅದನ್ನು ಕಟ್ಟಿದವರಿಗೆ ಪತ್ರ ಬರೆಯುವುದು ಪದ್ಧತಿ. ಯಾವುದು ಚಲೋ ಇತ್ತು, ಯಾವುದು ಕಾಡಿಸಿತು ಎಂದು ಹೇಳಿ, ಓಣಿಯವರ ಮುಂದೆ ಓದಿ, ಆಮೇಲೆ ಕಾಗದವನ್ನು ಹೊಸ ಗೋಡೆಯ ಕೆಸರಿನಲ್ಲಿ ಕಲಸುತ್ತೇವೆ. ಪತ್ರ ಮುಟ್ಟುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಅದರಲ್ಲಿ ಯಾರೂ ಸುಳ್ಳು ಬರೆಯುವುದಿಲ್ಲ. ಈ ಸಲದ ಪಾಳಿ ನನ್ನದು.

ನಮ್ಮ ಊರಿನ ರೀತಿ ಮೊದಲು ಹೇಳಬೇಕು. ಇಲ್ಲಿ ಗುಡ್ಡ ಮುಟ್ಟುವಂತಿಲ್ಲ, ಹಳ್ಳದ ಉಸುಕು ತರುವಂತಿಲ್ಲ. ನಿಮ್ಮ ನಂತರದವರು ಉಳಿದ ಗುಡ್ಡಗಳನ್ನು ನೋಡಿ ಮಾಡಿದ ಕಟ್ಟಳೆ ಅದು. ಹೊಸದಾಗಿ ಏನು ಕಟ್ಟಬೇಕಾದರೂ ಹಳೆಯದನ್ನು ಬಿಚ್ಚಬೇಕು. ಅದಕ್ಕೇ ನಮ್ಮ ಮನೆಗಳನ್ನು ಬಿಚ್ಚಲು ಬರುವ ಹಾಗೆ ಕಟ್ಟುತ್ತಾರೆ. ಗೋಡೆಗೆ ಮಣ್ಣಿನ ಕೆಸರು, ಮೇಲೆ ಸುಣ್ಣದ ಗಿಲಾವು, ತೊಲೆಗಳಿಗೆ ಬೆಣೆ. ಹೊಳೆಯ ನೀರು ಹೊಲಕ್ಕೆ ಮಾತ್ರ, ಊರೊಳಗೆ ಬರುವುದಿಲ್ಲ. ಪ್ರತಿ ಓಣಿಯ ನಡುವೆ ನೆಲದೊಳಗೆ ಒಂದು ತೊಟ್ಟಿ ಇದೆ. ಓಣಿಯ ಎಲ್ಲ ಮಾಳಿಗೆಯ ಮಳೆನೀರು ಅದಕ್ಕೆ ಇಳಿಯುತ್ತದೆ, ವರ್ಷವಿಡೀ ಅದೇ ಕುಡಿಯಬೇಕು. ಮುಖ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದ ನೀರು ಮೆಂತ್ಯದ ಮಡಿಗೆ. ನೀವು ಕಾರು ಓಡಿಸಲು ಎತ್ತರಕ್ಕೆ ಕಟ್ಟಿದ ರಸ್ತೆ ಇನ್ನೂ ನಿಂತಿದೆ. ಅದರ ಮೇಲೆ ಈಗ ಜೋಳದ ತೆನೆ ಒಕ್ಕುತ್ತಾರೆ, ಬ್ಯಾಡಗಿ ಮೆಣಸಿನಕಾಯಿ ಒಣಗಿಸುತ್ತಾರೆ. ಕೆಳಗಿನ ನೆರಳಿನಲ್ಲಿ ಸಂತೆ ಕೂಡುತ್ತದೆ. ಆ ನೆರಳಿಗಾಗಿ ನಿಮಗೆ ಋಣಿ.

ವಾರಕ್ಕೊಮ್ಮೆ ಕಾರವಾರದಿಂದ ಸುಣ್ಣದ ರೈಲು ಬರುತ್ತದೆ. ಸಮುದ್ರದ ಚಿಪ್ಪು ಸುಟ್ಟು ಮಾಡಿದ ಸುಣ್ಣ, ಜೊತೆಗೆ ಉಪ್ಪು. ಇಲ್ಲಿಂದ ಹತ್ತಿಬಟ್ಟೆ, ಜೋಳ, ಉಳ್ಳಾಗಡ್ಡಿ ತುಂಬಿಕೊಂಡು ಹೋಗುತ್ತದೆ. ಅದರ ಮೇಲೆ ಕೆಲಸ ಮಾಡಬೇಕೆಂದು ನನಗೆ ಸಣ್ಣವನಿದ್ದಾಗಿನಿಂದ ಆಸೆ. ಒಂದೇ ಕಡೆ ಕೂರುವುದು ನನ್ನಿಂದ ಆಗದು. "ಇವ ಕಾಲಾಗ ಚಕ್ರ ಕಟಗೊಂಡ ಹುಟ್ಯಾನ" ಎಂದು ನಮ್ಮವ್ವ ಕಲ್ಲವ್ವ ಬಂದವರಿಗೆಲ್ಲ ಹೇಳುತ್ತಾಳೆ. ಈ ವರ್ಷ ರೈಲಿನವರು ಹುಬ್ಬಳ್ಳಿಯ ಒಬ್ಬನಿಗೆ ಜಾಗ ಇಟ್ಟರು, ಮಿರಗದ ಮಳೆ, ಅಂದರೆ ಮುಂಗಾರಿನ ಮೊದಲ ಮಳೆ, ಹಿಡಿದ ಮೇಲೆ ಬರುವ ಮೊದಲ ರೈಲಿಗೆ ಹತ್ತಬೇಕು ಎಂದರು. ನನ್ನ ಹೆಸರು ಕೊಟ್ಟೆ.

ಅಷ್ಟರಲ್ಲಿ ನಮ್ಮ ತೊಟ್ಟಿ ಸೀಳಿತು. ತಳದ ಹಾಸು ಕುಸಿದು ನೀರು ಇಂಗತೊಡಗಿತು. ತೊಟ್ಟಿ ಸೀಳಿದ ಓಣಿಯನ್ನು ಬಿಟ್ಟು ಯಾರೂ ಹೋಗುವಂತಿಲ್ಲ, ಇದು ನಮ್ಮ ಕಟ್ಟಳೆ. ಕಷ್ಟ ಬಂದಾಗ ಕೈ ಗಟ್ಟಿ ಇದ್ದವರು ಮೊದಲು ಓಡುತ್ತಾರಲ್ಲ, ಅದಕ್ಕೆ. ಮಳೆಗೆ ಮುಂಚೆ ತೊಟ್ಟಿ ಆಗದಿದ್ದರೆ ಓಣಿಯನ್ನು ಚದುರಿಸುತ್ತಾರೆ. ಎಲ್ಲಿ ನೀರಿದೆಯೋ ಅಲ್ಲಿಗೆ ಒಬ್ಬೊಬ್ಬರನ್ನು ಕಳಿಸುತ್ತಾರೆ. ಚದುರಿದ ಓಣಿ ಮತ್ತೆ ಕೂಡಿದ್ದನ್ನು ನಾನು ನೋಡಿಲ್ಲ. ಪಕ್ಕದಲ್ಲಿ ಒಂದಿತ್ತು. ಅಲ್ಲಿ ಈಗ ಬೇವಿನ ಗಿಡ ಇವೆ, ಆಡು ಮೇಯುತ್ತವೆ. ಓಣಿ ಚದುರಿದರೆ ಅವ್ವ ಒಂದು ದಿಕ್ಕು, ನಾನು ಒಂದು ದಿಕ್ಕು. ಕಳಿಸಿದ ಕಡೆಯೇ ಇರಬೇಕು, ರೈಲಿನ ಜಾಗ ಬೇರೆಯವನಿಗೆ.

ತೊಟ್ಟಿಗೆ ಹಾಸುವ ಕಲ್ಲು ಬೇಕಿತ್ತು. ಸುಲಭದ ಕಟ್ಟಡಗಳನ್ನೆಲ್ಲ ನಮ್ಮ ಹಿರಿಯರೇ ಬಿಚ್ಚಿ ಮುಗಿಸಿದ್ದರು. ಊರಿನವರು ನಮಗೆ ಕೊಟ್ಟದ್ದು ನಿಮ್ಮ ಮನೆ, ನೆಲಮಹಡಿಯ ಮೇಲೆ ಮತ್ತೆ ನಾಲ್ಕು ಮಹಡಿ. ನಿಮ್ಮ ಕಾಲದ ಕಟ್ಟಡಗಳನ್ನು ಇಲ್ಲಿ ಪುಡಿ ಮಾಡಿ ರಸ್ತೆಗೆ ಹಾಕುತ್ತಾರೆ, ಕಬ್ಬಿಣ ಎಳೆದುಕೊಳ್ಳುತ್ತಾರೆ. ಇಡೀ ಕಲ್ಲು ಹೊರಗೆ ತೆಗೆಯಲು ಯಾರೂ ಹೋಗಿರಲಿಲ್ಲ. ಎಲ್ಲ ಮಹಡಿಗೂ ಪರಸಿ ಹಾಸಿದ್ದಿರಿ. ಶಾಬಾದದ ಬೂದು ಕಲ್ಲು, ನೀಟಾಗಿ ಕೊರೆದದ್ದು. ನೋಡಿದ ಕೂಡಲೇ ನಮಗೆ ತೊಟ್ಟಿಯೇ ಕಂಡಿತು.

ನಮ್ಮ ಗುಂಪಿಗೆ ಹಿರಿಯಳು ಹುಸೇನಬಿ. ಎಲ್ಲರೂ ಬೀಬಿ ಎನ್ನುತ್ತೇವೆ. ಬಿಚ್ಚುವ ಮುಂಚೆ ಗೋಡೆಗೆ ನೀರು ಕುಡಿಸುವುದು ನಮ್ಮ ರೂಢಿ. ಹಿಂದಿನ ದಿನ ನೀರು ಹಾಕಿ ಗೋಣಿಚೀಲ ಹೊದಿಸಿದರೆ ಮಣ್ಣಿನ ಕೆಸರು ಮೆತ್ತಗಾಗಿ ಇಟ್ಟಿಗೆ ಕೈಗೆ ಬರುತ್ತದೆ. ನಾವು ಹಾಗೆಯೇ ಮಾಡಿದೆವು. ಸೀಳಿದ ತೊಟ್ಟಿಯಲ್ಲಿ ಉಳಿದಿದ್ದ ನೀರು ಹೇಗೂ ಇಂಗಿ ಹೋಗುತ್ತಿತ್ತು. ಅದನ್ನು ಕೊಡದಲ್ಲಿ ಹೊತ್ತು ತಂದು ನಿಮ್ಮ ಮನೆಗೆ ಕುಡಿಸಿದೆವು. ಒಂದು ದಿನ ಆಯಿತು. ಬೀಬಿ ಮತ್ತೊಂದು ದಿನ ಕುಡಿಸಿ ಎಂದಳು.

"ಬೀಬಿ, ಇದು ಮೆತ್ತಗ ಆಗೂದಿಲ್ಲ" ಎಂದ ಸಿದ್ಲಿಂಗಣ್ಣ. ನಮ್ಮ ಗುಂಪಿನಲ್ಲಿ ಕೆಲಸಕ್ಕಿಂತ ಮಾತು ಜಾಸ್ತಿ ಮಾಡುವವನು ಅವನು. "ನೀರು ಕುಡದಂಗ ಇದಕ್ಕ ಸೊಕ್ಕ ಏರಾಕತ್ತೈತಿ."

"ನೀನೂ ಹಂಗ ಇದ್ದಿ. ಕಡೀಕ ಮೆತ್ತಗ ಆಗಲಿಲ್ಲೇನು?"

"ನಂದು ಮದಿವಿ ಆತು ಬೀಬಿ. ಗ್ವಾಡಿಗೆ ಯಾರ ಹೆಣ್ಣ ಕೊಡ್ತಾರ?"

ಎಲ್ಲರೂ ನಕ್ಕರು. ಮೂರನೇ ದಿನ ಯಾರೂ ನಗಲಿಲ್ಲ. ನಿಮ್ಮ ಸಿಮೆಂಟು ನೀರು ಕುಡಿದು ಬಿಡುವ ಜಾತಿಯದಲ್ಲ. ನಮ್ಮ ನೀರು ಮುಗಿದಿತ್ತು. ಅಂದಿನಿಂದ ಪಕ್ಕದ ಓಣಿಯವರ ಕೈನೀರು ಕುಡಿದೆವು. ಕೈನೀರು ಎಂದರೆ ಕಡ ತಂದದ್ದು, ಮಳೆ ಬಂದ ಕೂಡಲೇ ನಮ್ಮ ತೊಟ್ಟಿಯಿಂದ ತಿರುಗಿ ಕೊಡಬೇಕು. ತೊಟ್ಟಿಯೇ ಇಲ್ಲದವರು ಎಲ್ಲಿಂದ ಕೊಡುವುದು?

ಆಮೇಲೆ ಹಾರೆ ಹಿಡಿದೆವು. ನೆಲಮಹಡಿಯ ಕಲ್ಲು ಏಳಲಿಲ್ಲ. ಎದ್ದದ್ದು ತುಂಡಾಗಿ ಎದ್ದಿತು. ಮೊದಲ ಮಹಡಿಯಲ್ಲೂ ಅದೇ. ಕಲ್ಲು ಒಡೆಯುತ್ತಿತ್ತು, ಕೆಳಗಿನ ಸಿಮೆಂಟು ಒಡೆಯುತ್ತಿರಲಿಲ್ಲ. ಎರಡನ್ನೂ ಸೇರಿಸಿ ಒಂದೇ ಮಾಡಿದ್ದಿರಿ. ನಾನು ದೊಡ್ಡ ಸುತ್ತಿಗೆ ಎತ್ತಿಕೊಂಡೆ.

"ಏ ಫಕ್ಕೀರೇಶಾ, ಆ ಕಲ್ಲೇನ್ ನಿನ್ನ ದುಷ್ಮನ್ ಏನೋ?" ಬೀಬಿ ಕೂಗಿದಳು. "ಪುಡಿ ಮಾಡಿ ತೊಟ್ಟಿಗೆ ಏನ್ ಹಾಸ್ತಿ, ನಿನ್ನ ತಲಿ?"

"ಮಳಿ ಬರಾಕತ್ತೈತಿ ಬೀಬಿ."

"ಮಳಿ ಬರೂದು ನಮಗೂ ಗೊತ್ತೈತಿ. ನೀ ಮಳೀ ಸಲುವಾಗಿ ಬಡ್ಯಾಕತ್ತಿಲ್ಲ, ರೈಲಿನ ಸಲುವಾಗಿ ಬಡ್ಯಾಕತ್ತಿ."

ಸುತ್ತಿಗೆ ಕೆಳಗಿಟ್ಟೆ. ಎರಡನೇ ಮಹಡಿಯೂ ಹಾಗೆಯೇ ಹೋಯಿತು. ಕಾರವಾರದ ದಿಕ್ಕಿನಲ್ಲಿ ಮೋಡ ಕಟ್ಟಿತ್ತು. ಓಣಿಯಲ್ಲಿ ಕೆಲವರು ಗಂಟು ಕಟ್ಟತೊಡಗಿದ್ದರು. ಯಾರು ಯಾವ ಕಡೆ ಹೋದರೆ ಚಲೋ ಎಂದು ಮಾತು ನಡೆದಿತ್ತು. ಬೀಬಿ ಮೂರನೇ ಮಹಡಿಗೆ ಹತ್ತಿ ಕೂತಳು. ನಾವೂ ಕೂತೆವು.

ಮಧ್ಯಾಹ್ನ ನಮ್ಮವ್ವ ರೊಟ್ಟಿ ತಂದಳು. ಓಣಿಯ ಒಲೆಮನೆ, ಅಂದರೆ ಎಲ್ಲರಿಗೂ ಸೇರಿಸಿ ಅಡುಗೆ ಆಗುವ ಮನೆ, ಅವಳದೇ ಉಸ್ತುವಾರಿ. ತಲೆಯ ಮೇಲೆ ಪಲ್ಯದ ದೊಡ್ಡ ಪಾತ್ರೆ ಇತ್ತು. ಮೂರು ಮಹಡಿ ಹತ್ತಿ ಸುಸ್ತಾಗಿದ್ದಳು. ಪಾತ್ರೆಯನ್ನು ನೆಲಕ್ಕೆ ದಪ್ಪನೆ ಇಟ್ಟಳು. ನೆಲ ಡೋಲಿನ ಹಾಗೆ ಸದ್ದು ಮಾಡಿತು.

"ಇದೇನ ಇದು? ಇದಕ್ಕ ತಳಾನ ಇಲ್ಲೇನು?" ಎಂದಳು ಅವ್ವ.

ಬೀಬಿ ಎದ್ದು ಹಾರೆಯ ಹಿಡಿಯಿಂದ ಒಂದೊಂದೇ ಕಲ್ಲನ್ನು ಬಡಿದಳು. ಎಲ್ಲವೂ ಟೊಳ್ಳು. ಸಂದಿನಲ್ಲಿ ಮಾತ್ರ ದಾರದಷ್ಟು ಸಿಮೆಂಟು. ಅದನ್ನು ಉಳಿಯಿಂದ ಕೆತ್ತಿ, ಹಾರೆ ತೂರಿಸಿ ಮೀಟಿದರೆ ಕಲ್ಲು ಇಡಿಯಾಗಿ ಎದ್ದು ಬಂತು. ಕೆಳಗೆ ಬರೀ ಉಸುಕು. ಇರುವೆಗಳು ಗೂಡು ಕಟ್ಟಿದ್ದವು. ಸಿದ್ಲಿಂಗಣ್ಣ ಬಗ್ಗಿ ಒಂದು ಹಿಡಿ ಉಸುಕು ತೆಗೆದ.

"ಅವನೌನ, ಮೇಸ್ತ್ರಿ ಕಳ್ಳ ಇದ್ದಾನ! ಇಷ್ಟ ಮ್ಯಾಲ ಹತ್ತಿ ಮಾಲಕ ನೋಡೂದಿಲ್ಲ ಅಂತ ಸಿಮಿಂಟ್ ಉಳಿಸ್ಯಾನ."

"ಕಳ್ಳ ಅನಬ್ಯಾಡ" ಎಂದಳು ಬೀಬಿ. "ನಮ್ಮ ಪಾಲಿಗೆ ಧಣಿ ಅವ."

"ಕಳವು ಮಾಡಿದ್ರ ಪೂರ್ತಿ ಮಾಡಬೇಕಿತ್ತು. ಕೆಳಗಿನ ಮಹಡಿ ಯಾಕ ಬಿಟ್ಟ?"

"ರೊಟ್ಟಿ ತಿಂದು ಕಲ್ಲು ಎತ್ತೋ ಮಾರಾಯಾ" ಎಂದಳು ಅವ್ವ.

ನಾಲ್ಕನೇ ಮಹಡಿಯೂ ಹಾಗೆಯೇ ಇತ್ತು. ಓಣಿಯವರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಂತರು. ಕಲ್ಲು ಕೈಯಿಂದ ಕೈಗೆ ಇಳಿದವು. ಗಂಟು ಕಟ್ಟಿದ್ದವರು ಗಂಟು ಬಿಚ್ಚಿ, ಅದೇ ಬಟ್ಟೆಯನ್ನು ಸಿಂಬಿ ಮಾಡಿಕೊಂಡು ಹೊತ್ತರು. ತೊಟ್ಟಿಯ ತಳಕ್ಕೆ ಕಲ್ಲು ಕೂರಿಸಿದೆವು, ಸಂದಿಗೆ ಕಾರವಾರದ ಸುಣ್ಣ ತುಂಬಿದೆವು. ಸುಣ್ಣ ಬಿಗಿಯುವ ತನಕ ಮೋಡ ತಡೆಯಿತು. ಆಮೇಲೆ ಸುರಿಯಿತು. ಮಳೆ ನಿಂತ ಮೇಲೆ ಬೀಬಿ ತೊಟ್ಟಿಯ ಗೋಡೆಗೆ ನೀರಿನ ಮಟ್ಟದಲ್ಲಿ ಕುಂಕುಮದ ಗೆರೆ ಎಳೆದಳು. ಮರುದಿನ ನೀರು ಆ ಗೆರೆಯಲ್ಲೇ ಇತ್ತು. ಮೊದಲ ಕೊಡಗಳು ಪಕ್ಕದ ಓಣಿಗೆ ಹೋದವು.

ಹಾಗಾಗಿ ನಮ್ಮ ಓಣಿ ಉಳಿಯಿತು, ನಾನು ಹೋಗುತ್ತಿದ್ದೇನೆ. ಪತ್ರ ಓದಿ ಮುಗಿಸಿದ ಮೇಲೆ ಸ್ಟೇಷನ್ನಿಗೆ ಹೊರಡಬೇಕು. ಅವ್ವ ಅಳಲಿಲ್ಲ. "ಸಮುದ್ರದಾಗ ಎಷ್ಟ ನೀರು ಕಂಡರೂ ಕುಡಿಯಾಕ ಬರೂದಿಲ್ಲ, ಅಷ್ಟ ಲಕ್ಷ್ಯ ಇಡು" ಎಂದಳು. ಕಟ್ಟಿಕೊಟ್ಟ ರೊಟ್ಟಿ ನೋಡಿದರೆ ಕಾರವಾರದಲ್ಲಿ ಒಲೆಯೇ ಇಲ್ಲ ಎಂದುಕೊಂಡ ಹಾಗಿದೆ.

ನಿಮ್ಮ ಮೇಲೆ ದೂರು ಇದೆ. ಪದ್ಧತಿಯ ಪ್ರಕಾರ ಹೇಳಲೇಬೇಕು. ನೀವು ಗಟ್ಟಿ ಕಟ್ಟಿದಿರಿ. ಆದರೆ ನಿಮ್ಮ ನಂತರ ಆ ಕಲ್ಲು ಇನ್ನೊಬ್ಬರಿಗೆ ಬೇಕಾದೀತು ಎಂದು ನೆನೆಯಲಿಲ್ಲ. ಗುಡ್ಡದಿಂದ ಒಮ್ಮೆ ಇಳಿದ ಕಲ್ಲು ತಿರುಗಿ ಹತ್ತುವುದಿಲ್ಲ. ಅದಕ್ಕೆ ಇನ್ನು ಮನೆಯಿಂದ ಮನೆಗೆ ಹೋಗುವ ದಾರಿ ಒಂದೇ. ಮೂರು ಮಹಡಿಯ ಒಳ್ಳೆಯ ಕಲ್ಲಿಗೆ ಆ ದಾರಿ ಮುಚ್ಚಿ ಹೋಯಿತು. ಕೂಡಿಸುವಾಗ ಬಿಡಿಸಲು ಬರುವ ಹಾಗೆ ಕೂಡಿಸಿ. ನಮ್ಮ ಬೇಡಿಕೆ ಇಷ್ಟೇ.

ಇನ್ನೊಂದು ಮಾತು, ಇದು ನನ್ನದು. ಮೇಲಿನ ಎರಡು ಮಹಡಿಗೆ ಕಲ್ಲು ಹಾಸಿದವನು ಕಳ್ಳನೋ, ಮೈಗಳ್ಳನೋ, ಲಗೂನೆ ಮನೆಗೆ ಹೋಗಬೇಕಾಗಿದ್ದವನೋ ನಮಗೆ ತಿಳಿಯುವುದಿಲ್ಲ. ಮನೆ ಕಟ್ಟಿಸಿದ ನಿಮಗೆ ಅವನ ಮುಖ ಗೊತ್ತಿರುತ್ತದೆ. ಕಾಲಿಟ್ಟರೆ ನೆಲ ಡಬಡಬ ಅನ್ನುತ್ತದೆ ಎಂದು ನೀವು ಈಗ ಅವನನ್ನು ಕರೆಸಿ ಅಂಗಳದಲ್ಲಿ ನಿಲ್ಲಿಸಿರಬಹುದು. ಅವನು ತಲೆ ತಗ್ಗಿಸಿ ನಿಂತಿರಬಹುದು. ಕಿತ್ತು ಹೊಸದಾಗಿ ಹಾಸು ಎಂದು ಹೇಳುವ ಮುಂಚೆ ಸ್ವಲ್ಪ ತಡೆಯಿರಿ. ಅದು ಹಾಗೆಯೇ ಇರಲಿ. ಅವನಿಗೆ ಒಂದು ತಂಬಿಗೆ ನೀರು ಕೊಟ್ಟು ಕಳಿಸಿ.

ಫಕ್ಕೀರೇಶ, ಕಲ್ಲವ್ವನ ಮಗ