ಬೇಕಾದಾಗ ತಿರುಗದ ಫ್ಯಾನು

ರಾಮಮೂರ್ತಿ ನಗರ, ಬೆಂಗಳೂರು
16-4-2003, ಬುಧವಾರ

ಸೌಂದರ್ಯಾಳ ಅಪ್ಪನಿಗೆ ಕಾವೇರಿ ಮಾಡುವ ನಮಸ್ಕಾರಗಳು.

ಹೇಗಿದ್ದೀರಿ? ಆ ರಾಯಪುರದ ಕಡೆಯ ಬಿಸಿಲು ನಮ್ಮ ರಾಯಚೂರನ್ನೂ ಮೀರಿಸುತ್ತದೆ ಎಂದು ಬರೆದಿದ್ದಿರಿ. ಬೋರ್‌ವೆಲ್ ಲಾರಿಯ ಹೊಗೆ, ಕಲ್ಲಿನ ಧೂಳು ಸೇರಿ ಕೆಮ್ಮು ಹೆಚ್ಚಾಗಿಲ್ಲ ತಾನೆ? ಮೂಗಿಗೆ ಟವೆಲು ಕಟ್ಟಿಕೊಳ್ಳಿ, ಜೊತೆಯವರು ನಗುತ್ತಾರೆಂದು ಬಿಚ್ಚಬೇಡಿ. ಸೌಂದರ್ಯಾ ಎರಡನೇ ಕ್ಲಾಸು ಪಾಸಾದಳು. ಮನೆ ಓನರ್ ಮುನಿಗಂಗಮ್ಮನವರ ಟಿವಿ ಮುಂದೆ ಕೂತರೆ ಊಟಕ್ಕೂ ಎದ್ದು ಬರುವುದಿಲ್ಲ. ರಾತ್ರಿ ಮಾತ್ರ ನಿಮ್ಮ ಅಂಗಿ ಹೊದ್ದುಕೊಂಡೇ ಮಲಗುತ್ತಾಳೆ.

ಅತ್ತೆಯ ವಿಷಯಕ್ಕೆ ಬರುವ ಮೊದಲು ಕಾರಿನ ವಿಷಯ ಹೇಳಬೇಕು, ಯಾಕೆಂದರೆ ಈ ಬೇಸಿಗೆಯಲ್ಲಿ ಎರಡೂ ಒಂದೇ ಆಗಿಬಿಟ್ಟಿವೆ. ಸೋಮವಾರ, ಗುರುವಾರ ಅತ್ತೆಯನ್ನು ಡಯಾಲಿಸಿಸ್‌ಗೆ ಶಿವಾಜಿನಗರದ ಆಸ್ಪತ್ರೆಗೆ ನಾನೇ ಕರೆದೊಯ್ಯುತ್ತೇನೆ. ಹೋಗುವಾಗ ಹೇಗೋ ಕೂತಿರುತ್ತಾರೆ. ಬರುವಾಗ ರಕ್ತದೊತ್ತಡ ಇಳಿದು ತಲೆ ನಿಲ್ಲುವುದಿಲ್ಲ, ಹಿಂದಿನ ಸೀಟಿನಲ್ಲಿ ಮಲಗಿಸಲೇಬೇಕು. ಒಮ್ಮೆ ಆಟೋದಲ್ಲಿ ತಂದಾಗ ಹಲಸೂರಿನ ಹತ್ತಿರ ನನ್ನ ಮೈಮೇಲೆ ಕುಸಿದು ಪ್ರಜ್ಞೆ ತಪ್ಪಿದರು. ಅಂದಿನಿಂದ ಆಟೋ ಬಿಟ್ಟು ನಮ್ಮ ಕಾರಿನಲ್ಲೇ ಕರೆತರುತ್ತೇನೆ. ನೀವು ಹೋಗುವ ಮೊದಲು ಖಾಲಿ ಲೇಔಟಿನಲ್ಲಿ ಬೈದು ಬೈದು ಡ್ರೈವಿಂಗ್ ಕಲಿಸಿದ್ದು ಇದಕ್ಕೇ ಇರಬೇಕು.

ಆ ಕಾರೇ ಕೈಕೊಡತೊಡಗಿತು. ಇಂಜಿನ್ನಿನ ನೀರು ಕಾದಾಗ ತಾನಾಗಿ ತಿರುಗಬೇಕಾದ ರೇಡಿಯೇಟರ್ ಫ್ಯಾನು ಒಂದು ದಿನ ತಿರುಗುತ್ತದೆ, ಒಂದು ದಿನ ಇಲ್ಲ. ಗಾಡಿ ಓಡುತ್ತಿದ್ದರೆ ಎದುರು ಗಾಳಿಗೆ ಹೇಗೋ ತಣ್ಣಗಿರುತ್ತದೆ. ಟ್ರಾಫಿಕ್ಕಿನಲ್ಲಿ ನಿಂತರೆ ಬಿಸಿ ತೋರಿಸುವ ಮುಳ್ಳು ಸರಸರನೆ ಮೇಲೇರುತ್ತದೆ. ನಮ್ಮ ರಸ್ತೆಯ ಮೆಕ್ಯಾನಿಕ್ ಮೊದಲು ಫ್ಯಾನಿನ ಸ್ವಿಚ್ಚು ಬದಲಾಯಿಸಿದ, ಆಮೇಲೆ ಅದಕ್ಕೆ ಕರೆಂಟು ಹಾಯಿಸುವ ರಿಲೇ ಬದಲಾಯಿಸಿದ. ಅವನ ಗ್ಯಾರೇಜಿನಲ್ಲಿ ಫ್ಯಾನು ಗಿರ್ರೆಂದು ತಿರುಗುತ್ತಿತ್ತು. "ಗಾಡೀಲಿ ಏನೂ ಇಲ್ಲಮ್ಮ, ನೀವೇ ಕ್ಲಚ್ ಮೇಲೆ ಕಾಲಿಟ್ಕೊಂಡು ಓಡಿಸ್ತೀರಾ, ಅದಕ್ಕೇ ಹೀಟ್ ಆಗೋದು" ಎಂದು ನಕ್ಕ. ನನಗೂ ಹೌದೇನೋ ಅನ್ನಿಸಿತು. ಮರುವಾರವೇ ಹಲಸೂರು ಸಿಗ್ನಲ್ಲಿನಲ್ಲಿ ಮತ್ತೆ ಕುದಿಯಿತು. ಅತ್ತೆಯನ್ನು ಅಂಗಡಿಯ ಮೆಟ್ಟಿಲ ಮೇಲೆ ಮಲಗಿಸಿ ಇಂಜಿನ್ ಆರುವವರೆಗೆ ಸೆರಗಿನಿಂದ ಗಾಳಿ ಬೀಸಿದೆ.

ಕೊನೆಗೆ ಶಿವಾಜಿನಗರದ ನಿಮ್ಮ ಗೆಳೆಯ, ಎಲೆಕ್ಟ್ರಿಷಿಯನ್ ಅಕ್ತರ್ ಭಾಯಿ ಹತ್ತಿರ ಹೋದೆ. ಅವರು ಎಷ್ಟೋ ಹೊತ್ತು ಇಂಜಿನ್ ಓಡಿಸಿಟ್ಟು ಕಾದರು. ಅವರೆದುರಿಗೂ ಫ್ಯಾನು ತಿರುಗಿತು. ನನಗೆ ಅಳುವೇ ಬಂದುಬಿಟ್ಟಿತು. ಅವರು ಮಾತ್ರ ನಗಲಿಲ್ಲ. "ಭಾಭಿ, ರೋಗ ಕಾಣಿಸ್ದೆ ಮದ್ದು ಹೆಂಗ್ ಕೊಡ್ಲಿ? ಅದು ನಿಂತಾಗ ನಾನಿರಲ್ಲ, ನೀವಿರ್ತೀರ. ನೀವೇ ನೋಡ್ಬೇಕು" ಎಂದು, ಎರಡು ವೈರು ಕಟ್ಟಿದ ಚಿಕ್ಕ ಬಲ್ಬು ಕೊಟ್ಟರು. ಫ್ಯಾನು ತಿರುಗದಿದ್ದಾಗ ಅದರ ಪ್ಲಗ್ ಕಿತ್ತು ಅಲ್ಲಿಗೆ ಬಲ್ಬಿನ ವೈರು ಹಚ್ಚಬೇಕು, ಬೆಳಗಿದರೆ ಕರೆಂಟು ಬರುತ್ತಿದೆ, ತಪ್ಪು ಫ್ಯಾನಿನದು, ಬೆಳಗದಿದ್ದರೆ ವೈರಿನದು.

ಮೊನ್ನೆ ಸೋಮವಾರ ಆ ಗಳಿಗೆ ಬಂತು. ಡಯಾಲಿಸಿಸ್ ಮುಗಿಸಿ ಬರುತ್ತಿದ್ದೆವು. ಟಿನ್ ಫ್ಯಾಕ್ಟರಿ ಹತ್ತಿರ ಮುಂದೆಲ್ಲೋ ಲಾರಿ ಕೆಟ್ಟು, ಹಿಂದೆ ಮುಂದೆ ಒಂದಿಂಚು ಜಾಗವಿಲ್ಲ. ಮುಳ್ಳು ಕೆಂಪಿಗೆ ಬಂತು. ನೀವು ಹೇಳಿದ್ದ ಉಪಾಯ ನೆನಪಾಯಿತು: ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಒಳಗೆ ಬರುತ್ತದೆ, ಅಷ್ಟರಮಟ್ಟಿಗೆ ಅದು ಉಳಿಯುತ್ತದೆ. ಆ ಬಿಸಿಲಿನಲ್ಲಿ, ನೀರು ಕೂಡ ಅಳೆದು ಕುಡಿಯಬೇಕಾದ ಮುದುಕಿಯ ಮೇಲೆ ನಾನು ಬೆಂಕಿಯಂಥ ಗಾಳಿ ಬಿಟ್ಟೆ. ಮಲಗಿದ್ದಲ್ಲಿಂದಲೇ ಅತ್ತೆ, "ಯವ್ವಾ, ಸುಡುಗಾಡಿಗೆ ಒಯ್ದ ಮ್ಯಾಲೆ ಸುಡೂದು ಬಿಟ್ಟು ಈಗ್ಲೇ ಸುಡಾಕತ್ತಿಯೇನು?" ಎಂದರು. ನಗಿಸಲೆಂದೇ ಹೇಳಿದರು. ನನ್ನ ಕಣ್ಣು ಮಂಜಾಗಿ ರಸ್ತೆ ಕಾಣಲಿಲ್ಲ.

ಹೀಟರ್ ಸಾಲಲಿಲ್ಲ, ಬಾನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಇಂಜಿನ್ ಆರಿಸಿ, ಕೀ ಆನ್‌ನಲ್ಲೇ ಬಿಟ್ಟು ಇಳಿದೆ. ಹಿಂದಿನ ಬಸ್ಸಿನವನು ಹಾರನ್ ಒತ್ತಿ ಹಿಡಿದಿದ್ದ. ಟ್ರಾಫಿಕ್ ಪೊಲೀಸ್ ಓಡಿ ಬಂದು, "ರೀ, ಸೈಡಿಗೆ ಹಾಕ್ರೀ" ಎಂದು ಕೂಗಿದವರು, ಹಿಂದಿನ ಸೀಟು ನೋಡಿ ಬಸ್ಸಿನವನಿಗೆ ಕೈ ಅಡ್ಡ ಹಿಡಿದರು. ಕೈ ಸುಟ್ಟುಕೊಂಡೇ ಪ್ಲಗ್ ಕಿತ್ತೆ. ವೈರು ಹಚ್ಚಿದೆ. ಬಲ್ಬು ಬೆಳಗಿತು! ಕರೆಂಟು ಬಂದು ನಿಂತಿದೆ, ಫ್ಯಾನು ಅಲ್ಲಾಡುತ್ತಿಲ್ಲ. ಪ್ಲಗ್ ಮತ್ತೆ ಸಿಕ್ಕಿಸಿ, ಅತ್ತೆಯ ಊರುಗೋಲು ತಂದು ಅದರ ತುದಿಯಿಂದ ಎಲೆಯನ್ನು ಒಮ್ಮೆ ನೂಕಿದೆ. ಕೋಲನ್ನು ಕೊಡವಿಬಿಟ್ಟು ಫ್ಯಾನು ತಿರುಗತೊಡಗಿತು. ಪೊಲೀಸಿನವರು "ಶಹಬ್ಬಾಸ್ ತಾಯಿ" ಎಂದರು. ನಾನು ರಸ್ತೆಯ ಮೇಲೇ ಕೂತು ಅತ್ತುಬಿಟ್ಟೆ.

ನಿನ್ನೆ ಅಕ್ತರ್ ಭಾಯಿ ಮೋಟಾರ್ ಬಿಚ್ಚಿ ತೋರಿಸಿದರು. ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡು ಸವೆದು ಉಗುರಿನಷ್ಟಾಗಿತ್ತು. ಫ್ಯಾನು ಒಂದು ಜಾಗದಲ್ಲಿ ನಿಂತರೆ ಅದು ಕರೆಂಟು ಹಿಡಿಯುವುದಿಲ್ಲ, ಬೇರೆಲ್ಲಿ ನಿಂತರೂ ಹಿಡಿಯುತ್ತದೆ. ಗ್ಯಾರೇಜಿನಲ್ಲಿ ಯಾರಾದರೂ ಮುಟ್ಟಿದರೆ, ಗಾಡಿ ಕುಲುಕಿದರೆ ಜಾಗ ತಪ್ಪಿ ತಿರುಗುತ್ತಿತ್ತು. ಹೊಸ ಕಾರ್ಬನ್ ಹಾಕಿ, ಆರಿಸಿ ಹಚ್ಚಿ, ಆರಿಸಿ ಹಚ್ಚಿ ನೋಡಿದರು. ಒಮ್ಮೆಯೂ ತಪ್ಪಲಿಲ್ಲ. ಇನ್ನು ಕಾರಿನ ಚಿಂತೆ ಬಿಡಿ. ನಾಳೆ ಗುರುವಾರ, ನೆಮ್ಮದಿಯಿಂದ ಹೋಗಿ ಬರುತ್ತೇವೆ.

ಹೊತ್ತುಹೊತ್ತಿಗೆ ಉಣ್ಣಿ. ಅಕ್ತರ್ ಭಾಯಿ ಸಲಾಂ ಹೇಳಿದ್ದಾರೆ. ಮಗಳು ಈ ಹಾಳೆಗೊಂದು ಮುತ್ತು ಕೊಟ್ಟಿದ್ದಾಳೆ, ಎಣ್ಣೆ ಗುರುತು ಅದೇ.

ನಿಮ್ಮ
ಕಾವೇರಿ

ಮರೆತ ಮಾತಲ್ಲ, ಗುರುವಾರ ಮಧ್ಯಾಹ್ನ ಬರೆಯುತ್ತಿದ್ದೇನೆ: ಬೆಳಿಗ್ಗೆ ಕಾರು ಬಾಗಿಲಿಗೆ ತಂದೆ. ಅತ್ತೆ ಮಂಚದಿಂದ ಏಳಲಿಲ್ಲ. "ನಾ ಇನ್ನ ಒಲ್ಲೆ, ಕಾವೇರಿ. ಗಾಡಿ ಕೆಟ್ಟಾಗ ಒಲ್ಲೆ ಅಂದಿದ್ರ ನಿನ್ನ ತೆಲಿಮ್ಯಾಲೆ ಬರ್ತಿತ್ತು, ನನ್ನ ಮಗ ಮುತ್ತಣ್ಣ ನಿನ್ನ ಬೈತಿದ್ದ. ಅದಕ್ಕ ತಡದೆ. ಈಗ ರಿಪೇರಿ ಆತಲ್ಲ" ಎಂದರು. ಕಾಲು ಹಿಡಿದೆ, ಮುನಿಗಂಗಮ್ಮನವರೂ ಬೇಡಿಕೊಂಡರು. ಗೋಡೆ ಕಡೆ ತಿರುಗಿ ಮಲಗಿದ್ದಾರೆ. ಡಾಕ್ಟರಿಗೆ ಫೋನ್ ಮಾಡಿದೆ, ಡಯಾಲಿಸಿಸ್ ಬಿಟ್ಟರೆ ಬಹಳ ದಿನ ತಡೆಯುವುದಿಲ್ಲ ಎಂದರು. ಅವರ ಪಾದಗಳು ಆಗಲೇ ಬಾತಿವೆ. ರಾಯಪುರದ ಆಫೀಸಿಗೂ ಫೋನ್ ಮಾಡಿದೆ, ನೀವು ಕಾಡಿನ ಕಡೆ ಇದ್ದೀರಂತೆ, ಯಾವಾಗ ಬರುತ್ತೀರೋ ಗೊತ್ತಿಲ್ಲವಂತೆ. ಫೋನಿನ ಸುದ್ದಿಗಿಂತ ಈ ಕಾಗದವೇ ಮೊದಲು ಮುಟ್ಟಿದರೆ, ಲಾರಿ ಅಲ್ಲೇ ಬಿಟ್ಟು ಬನ್ನಿ. ನನ್ನ ಮಾತು ಅವರು ಕೇಳುತ್ತಿಲ್ಲ, ನಿಮ್ಮ ಮಾತು ಕೇಳಿಯಾರು. ಫೋನಿನಲ್ಲಿ ಹೇಳಿದರೆ ಸಾಲದು, ಬನ್ನಿ.