ಕಿವಿರಾಯನ ಹೆಸರು

ಮದೀನತ್ ಖಲೀಫಾ, ದೋಹಾ
17-11-2006

ಪ್ರೀತಿಯ ಬೆನಿಟಾ,

ಹೇಗಿದ್ದೀ? ಹೆರಿಗೆಯ ಹೊಲಿಗೆಯ ನೋವು ಇಳಿಯಿತೇ? ತವರಿನಲ್ಲಿದ್ದೀ, ಅಮ್ಮ ಕೊಡುವ ಕಷಾಯವನ್ನು ಮುಖ ಸಿಂಡರಿಸಿಕೊಂಡಾದರೂ ಕುಡಿ. ಮಗು ಸರಿಯಾಗಿ ನಿದ್ದೆ ಮಾಡುತ್ತಾನಾ? ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಇಲ್ಲ. ಹೊಟ್ಟೆ ಉರಿಯುತ್ತಿದೆ, ಖಾರ ತಿಂದು ಅಲ್ಲ.

ಮೊನ್ನೆ ಫೋನಿನಲ್ಲಿ ಮಗನಿಗೆ ಫ್ಯೋದರ್ ಎಂದು ಹೆಸರಿಡೋಣ ಅಂದೆಯಲ್ಲ, ಆಗಿನಿಂದ ಹೀಗೇ. ಮೊದಲ ಗಂಡುಮಗುವಿಗೆ ತಂದೆಯ ಕಡೆಯ ಅಜ್ಜನ ಹೆಸರಿಡುವುದು ನಮ್ಮಲ್ಲಿ ಇಂದು ನಿನ್ನೆಯದಲ್ಲ. ನನ್ನ ಅಪ್ಪ ಅಲೋಶಿಯಸ್ ಜ್ಞಾನಸ್ನಾನಕ್ಕೆಂದು ಈಗಲೇ ಅಂಗಿಗೆ ಇಸ್ತ್ರಿ ಹಾಕಿಸಿಟ್ಟಿದ್ದಾರೆ. ಈ ಫ್ಯೋದರ್ ನಿನ್ನ ತಲೆಗೆ ಎಲ್ಲಿಂದ ಬಂದನೆಂದು ನನಗೆ ಗೊತ್ತಿಲ್ಲವೇ? ಇಲ್ಲಿ ನಮ್ಮ ಮೇಲಿನ ಮಹಡಿಯ ರಷ್ಯನ್ ಇಂಜಿನಿಯರ್ ಉಷಾಕೋವ್! ನೀನು ಊರಿಗೆ ಹೊರಡುವ ಮೊದಲು ತೆನೆಹಬ್ಬದ ಊಟಕ್ಕೆ ಅವನನ್ನು ಕರೆದವನು ನಾನೇ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ನನ್ನ ಕಿವಿ ನೋಡಿ ನಕ್ಕು, ತನ್ನದನ್ನೂ ಎಳೆದು ತೋರಿಸಿ ಶುರುಮಾಡಿದ. ಅವರಲ್ಲಿ ಉಷಾಕ್ ಎಂದರೆ ದೊಡ್ಡ ಕಿವಿಯವನಂತೆ. ಯಾವನೋ ಮುತ್ತಜ್ಜನನ್ನು ಜನ ಹಾಗೆ ಗೇಲಿ ಮಾಡಿ, ಗೇಲಿಯೇ ಮನೆತನದ ಹೆಸರಾಯಿತಂತೆ. ಆ ಹೆಸರಿನವನೊಬ್ಬ ಮುನ್ನೂರು ಚಿಲ್ಲರೆ ವರ್ಷದ ಹಿಂದೆ ಮಾಸ್ಕೋದಲ್ಲಿ ಯೇಸುವಿನ ಮುಖ ಚಿತ್ರಿಸಿ ದೊಡ್ಡವನಾದನಂತೆ. ಇನ್ನೊಬ್ಬ, ಈ ಫ್ಯೋದರ್, ಸಮುದ್ರದಲ್ಲಿ ಒಂದು ಯುದ್ಧವನ್ನೂ ಸೋಲದ ಅಡ್ಮಿರಲ್, ಈಗ ಅವರ ಧರ್ಮಸಭೆಯಲ್ಲಿ ಸಂತ. ನೀನು ಬಡಿಸುವುದನ್ನೂ ಮರೆತು ಕೇಳುತ್ತಿದ್ದೆ. ನನ್ನ ಬಟ್ಟಲಲ್ಲಿ ಅನ್ನ ಒಣಗುತ್ತಿತ್ತು.

ಅದೂ ಹೋಗಲಿ. ಕೊನೆಗೆ ನೀನು ನಗುತ್ತಾ ಅವನಿಗೆ, "ಹಾಗಾದರೆ ನೀವೂ ಒಬ್ಬ ಕಿವಿರಾಯ" ಅಂದುಬಿಟ್ಟೆ. ಊರಿನ ಹುಡುಗರು ನನ್ನನ್ನು ಮೊರದ ಕಿವಿ ಅಂದರು, ಆಫೀಸಿನವರು ಇನ್ನೇನೋ ಅನ್ನುತ್ತಾರೆ. ಕಿವಿರಾಯ ಅನ್ನುವವಳು ಈ ಲೋಕದಲ್ಲಿ ನೀನೊಬ್ಬಳೇ. ಮದುವೆಯಾದ ಹೊಸತರಲ್ಲಿ ನನಗೆಂದೇ ಕೊಟ್ಟದ್ದು. ಈಗ ಅವನು ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಎದೆ ತಟ್ಟಿಕೊಂಡು "ಕಿವಿರಾಯ! ಕಿವಿರಾಯ!" ಅನ್ನುತ್ತಾನೆ. ಅವನಿಗೆ ಅಡ್ಮಿರಲ್ ಇದ್ದಾನೆ, ಸಂತನಿದ್ದಾನೆ. ನನ್ನದೂ ಬೇಕೇ?

ಮಗನ ಹೆಸರು ಅಲೋಶಿಯಸ್, ಖಲಾಸ್. ಪಾದ್ರಿಗಳ ಹತ್ತಿರ ಅದನ್ನೇ ಬರೆಸು. ಅಮ್ಮನಿಗೆ ನಮಸ್ಕಾರ, ಮಗುವಿಗೆ ಮುತ್ತು. ಇವತ್ತು ಶುಕ್ರವಾರದ ರಜೆ, ಬಲಿಪೂಜೆಯಲ್ಲಿ ನಿಮ್ಮಿಬ್ಬರಿಗಾಗಿ ಬೇಡಿಕೊಂಡೆ. ಉಷಾಕೋವನಿಗಾಗಿ ಬೇಡಿಕೊಳ್ಳಲಿಲ್ಲ.

ಕೋಪದಲ್ಲೂ ನಿನ್ನವನೇ ಆದ,
ಸೆಲೆಸ್ಟಿನ್

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ನೀನು ಕಳಿಸಿದ ಫೋಟೋದಲ್ಲಿ ಮಗುವಿಗೆ ಕಿವಿ ಮುಚ್ಚುವ ಟೊಪ್ಪಿ ಹಾಕಿದ್ದೀ. ತೆಗೆದು ನೋಡಿ ಬರೆ. ಕಿವಿ ನನ್ನ ಹಾಗೇ ಇದ್ದರೆ ಅವನನ್ನೇ ಕಿವಿರಾಯ ಅಂತ ಕರೆ, ಮಗನಿಗಾದರೆ ಬಿಟ್ಟುಕೊಡುತ್ತೇನೆ. ಆದರೆ ನಾನು ರಜೆಗೆ ಬಂದ ದಿನ ಬಾಗಿಲಲ್ಲಿ ಒಂದೇ ಒಂದು ಸಲ ನನ್ನನ್ನು ಹಾಗೆ ಕರೆ. ಅವನು ಮಲಗಿರುವಾಗ.