ಬಾಣಂತನಕ್ಕೆ ಮೂರು ಗಂಟೆಯ ಚೀಟಿ

ವಾಹನ ನಿಲುಗಡೆಯ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ತವರಿನಲ್ಲಿ ಎಷ್ಟು ಹೊತ್ತು ಇರಬಹುದೆಂದು ತಾವು ತೀರ್ಮಾನಿಸಿದ್ದೀರಿ: ಮೂರು ಗಂಟೆ. ಕಾರವಾರದ ನಮ್ಮ ಓಣಿಯ ತುದಿಯಲ್ಲಿರುವ ಕಲ್ಯಾಣ ಮಂಟಪಕ್ಕೆ ಬರುವವರ ಕಾರುಗಳು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತವೆಂದು ನಾವು ದೂರಿದೆವು. ತಾವು ಕ್ರಮ ಕೈಗೊಂಡಿರಿ. ಆಧಾರ್‌ನಲ್ಲಿ ಓಣಿಯ ವಿಳಾಸವಿದ್ದವರು ನಿವಾಸಿಗಳು, ಅವರಿಗೆ ಪರವಾನಗಿ. ಉಳಿದವರೆಲ್ಲ ಸಂದರ್ಶಕರು, ಮೂರು ಗಂಟೆ ಕಳೆದೊಡನೆ ಬಂದವರು ಬಂದ ಕಾರಿನಲ್ಲೇ ಓಣಿ ಬಿಡಬೇಕು. ಮದುವೆ ಊಟ ಮುಗಿಸಿ ಕೈ ತೊಳೆಯುವವರಿಗೆ ಅದು ಧಾರಾಳ. ಹೆರಿಗೆಗೆ ಬಂದವಳಿಗೆ?

ಮಗಳು ಸುಮಿತಾಳ ಆಧಾರ್ ಗಂಡನ ಊರಾದ ಕದ್ವಾಡದ್ದು. ಯಾವಾಗ ಬೇಕಾದರೂ ನೋವು ಬರಬಹುದು, ಕಾರು ಬಾಗಿಲಲ್ಲೇ ಇರಲಿ ಎಂದಿದ್ದರು ಡಾಕ್ಟರು. ನಿಮ್ಮ ಚೀಟಿ ಹರಿಯುವ ಮಂಜು ಅಂಗನವಾಡಿಯಲ್ಲಿ ನನ್ನ ಕೈಯಲ್ಲೇ ಉಪ್ಪಿಟ್ಟು ತಿಂದವನು. ಪಾಪ, ಕೈಮುಗಿದ. “ನಾ ಎಂತಾ ಮಾಡೂದು ಅಕ್ಕೋರೆ? ಒಂದ್ ಸುತ್ತ ಹೋಗಿ ಬರ್ಲಿ, ಹೊಸ ಚೀಟಿ ಕೊಡ್ತೆ.”

ಅಂತೂ ತುಂಬು ಬಸುರಿಯನ್ನು ಕೂರಿಸಿಕೊಂಡು ಅಳಿಯ ನಿತೇಶ ಸುತ್ತು ಹಾಕತೊಡಗಿದ. ತವರಿನಿಂದ ಮಗಳನ್ನು ಬರಿಹಣೆಯಲ್ಲಿ ಕಳಿಸುವುದುಂಟೇ? ಹೊರಟಾಗಲೆಲ್ಲ ಕುಂಕುಮ, ತಲೆಗೆ ಅಬ್ಬಲಿಗೆ. ತಿರುಗಿ ಬಂದಾಗಲೆಲ್ಲ ನೀರು, ಬೆಲ್ಲ. “ಆಯಿ, ಬೆಲ್ಲ ಸಾಕೇ ಮಾರಾಯ್ತಿ!” ಎಂದು ಅವಳು ಅಳುವುದಕ್ಕೂ, ಸಕ್ಕರೆ ಏರಿದೆಯೆಂದು ಡಾಕ್ಟರು ನನ್ನನ್ನು ಬೈಯುವುದಕ್ಕೂ ಸರಿಹೋಯಿತು. ಓಣಿಯವರಂತೂ ದಿನಾ ಮಗಳನ್ನು ಓಡಿಸುವ ತಾಯಿಯೆಂದು ನನ್ನನ್ನೇ ನೋಡಿದರು.

ಕಳೆದ ಗುರುವಾರ ನೋವು ಬಂತು. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಿದರೆ ಕಾರಿನ ಗಾಲಿಗೆ ಬೀಗ! ಚೀಟಿಯ ಹೊತ್ತು ಆಗಷ್ಟೇ ಮೀರಿತ್ತಂತೆ. ಕೀಲಿ ಎಲ್ಲಿ? ತಮ್ಮ ಜೇಬಿನಲ್ಲಿ. ತಾವೆಲ್ಲಿ? ಮಂಟಪದ ಪಂಕ್ತಿಯಲ್ಲಿ. ಮಂಜು ಏದುಸಿರು ಬಿಡುತ್ತ ಬಂದಾಗ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ತಾವು, “ಊಟದ ನಡುವೆ ಏಳಬಾರದು” ಎಂದಿರಂತೆ. ಎಂಥ ಸಂಸ್ಕಾರವಂತರು ಸ್ವಾಮಿ ತಾವು!

ಅಲ್ಲಿಂದ ಓಡಿ ಬಂದದ್ದು ದಿಬ್ಬಣದ ಹೆಂಗಸರು. ಯಾರ ಮದುವೆಯೋ, ಯಾರ ಕಡೆಯವರೋ, ನಾನರಿಯೆ. ಮಂಟಪದ ಜಮಖಾನೆ ಎಳೆತಂದು ಕಾರಿನ ಸುತ್ತ ಹಿಡಿದು ನಿಂತರು. ಅವರೊಳಗೊಬ್ಬಳು ನರ್ಸು, ಜರಿಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಂದಿನ ಸೀಟಿಗೆ ನುಗ್ಗಿದಳು. ಬ್ಯಾಂಡಿನವರು ಏನೆಂದು ತಿಳಿಯದೆ ಬಾರಿಸುತ್ತಲೇ ಇದ್ದರು. ಹೆಣ್ಣುಮಗು. ಇಬ್ಬರೂ ಕ್ಷೇಮ.

ಮಂಜು ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಪುಸ್ತಕ ತೆಗೆದ. “ಅಕ್ಕೋರೆ, ಈಗ ಇದ್ಕೆ ಯಾವ ಚೀಟಿ ಹರೀಲಿ?”

ಅದನ್ನೇ ತಮ್ಮನ್ನು ಕೇಳುತ್ತಿದ್ದೇನೆ. ಈ ಮಗು ಎಲ್ಲಿಂದಲೂ ಬಂದದ್ದಲ್ಲ. ತಾವು ಬಿಳಿ ಬಣ್ಣ ಬಳಿದ ಚೌಕದೊಳಗೇ ಹುಟ್ಟಿದ್ದು. ಮೂರು ಗಂಟೆಯ ನಂತರ ಹೋಗೆಂದರೆ ಎಲ್ಲಿಗೆ ಹೋಗಬೇಕು? ನಾಳೆಯೇ ಅದಕ್ಕೆ ನಿವಾಸಿ ಪರವಾನಗಿ ಕೊಡಿ. ಹಾಲು ಕುಡಿಯುವ ನಿವಾಸಿಯನ್ನು ಬಿಟ್ಟು ಸುತ್ತು ಹೊಡೆದು ಬಾ ಎಂದು ಅದರ ತಾಯಿಗೆ ಹೇಳುವ ಧೈರ್ಯವಿದ್ದರೆ, ಬಂದು ಹೇಳಿ. ಬಾಗಿಲಲ್ಲೇ ಕುಳಿತಿರುತ್ತೇನೆ.

ಇಂತಿ,
ಬೆಳಂಬಾರದ ತನ್ನ ತವರಿಗೆ ಹೋದರೆ ತಾನೂ ಸಂದರ್ಶಕಳೇ ಎಂದು ಈ ವಯಸ್ಸಿನಲ್ಲಿ ತಿಳಿದುಕೊಂಡ,
ಗಾಯತ್ರಿ, ಅಜ್ಜಿ